ಹಂಡ್ಯಾನ ಕಿವಿಯ ಬಿಲ್ಲೆ

ಬೈಲಹೊಂಗಲದ ದನದ ಸಂತೆಯಲ್ಲಿ ಎತ್ತಿನ ಬೆಲೆಯನ್ನು ಬಾಯಿಬಿಟ್ಟು ಹೇಳುವವನನ್ನು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ. ಮಾರುವವನ ಕೈ, ಕೊಳ್ಳುವವನ ಕೈ, ಎರಡರ ಮೇಲೂ ದಲಾಲಿ ಒಂದು ಟವೆಲ್ ಹಾಸುತ್ತಾನೆ. ಅದರ ಕೆಳಗೆ ಬೆರಳು ಬೆರಳನ್ನು ಒತ್ತಿ, ಬಿಟ್ಟು, ಮತ್ತೆ ಹಿಡಿದು ವ್ಯಾಪಾರ ಕುದುರುತ್ತದೆ. ಸುತ್ತ ನಿಂತವರಿಗೆ ಕಾಣುವುದು ಟವೆಲ್ಲಿನ ಅಲುಗಾಟವಷ್ಟೇ. ಯಾರ ಎತ್ತು ಯಾರ ಪಾಲಾಯಿತು, ಎಷ್ಟಕ್ಕೆ ಹೋಯಿತು ಎಂಬುದು ಆ ಎರಡು ಕೈಗಳಿಗೆ ಗೊತ್ತು, ಮೇಲಿನ ಬಸವಣ್ಣನಿಗೆ ಗೊತ್ತು. ದೊಡವಾಡದ ಹಣಮಂತಪ್ಪ ಜೀವಮಾನವೆಲ್ಲ ಹೀಗೆಯೇ ಕೊಂಡವನು, ಹೀಗೆಯೇ ಮಾರಿದವನು. ಹಂಡ್ಯಾನನ್ನೂ ಹೀಗೆಯೇ ಮಾರಿದ.

ಹಂಡ್ಯಾ ಅವನ ಮನೆಯಲ್ಲೇ ಹುಟ್ಟಿ ಬೆಳೆದ ಎತ್ತು. ಕಪ್ಪು ಮೈ ಮೇಲೆ ದೊಡ್ಡ ದೊಡ್ಡ ಬಿಳಿ ಮಚ್ಚೆ, ಅದಕ್ಕೇ ಆ ಹೆಸರು. ಅದಕ್ಕೊಂದು ಹಟವಿತ್ತು. ನೀರು ಕುಡಿಸುವಾಗ ಎತ್ತಿಗೆ ಸಿಳ್ಳು ಹಾಕುವುದು ಎಲ್ಲ ರೈತರ ರೂಢಿ. ಆದರೆ ಹಂಡ್ಯಾನಿಗೆ ಹಣಮಂತಪ್ಪನ ಸಿಳ್ಳೇ ಬೇಕು, ಮೊದಲು ಸಣ್ಣಗೆ ಎಳೆದು ಕೊನೆಗೆ ಮೇಲಕ್ಕೆ ಹಾರಿಸುವಂಥದ್ದು. ಹಳ್ಳ ಹೊಳೆಯಲ್ಲಾದರೆ ತಾನಾಗಿ ಕುಡಿಯುತ್ತಿತ್ತು, ಆದರೆ ಆ ಸಿಳ್ಳು ಕಿವಿಗೆ ಬೀಳದ ಹೊರತು ನೀರಿನ ಬಾನಿಯ ಮುಂದೆ ನಿಂತರೂ ಮೂತಿ ಹಚ್ಚುತ್ತಿರಲಿಲ್ಲ. ಲಗ್ನವಾಗಿ ಹೊಸದಾಗಿ ಬಂದಾಗ ತನಗೂ ಇಷ್ಟು ಉಪಚಾರ ಆಗಿರಲಿಲ್ಲ ಎಂದು ಹೆಂಡತಿ ಭಾಗೀರಥಿ ಚಾಷ್ಟಿ ಮಾಡುತ್ತಿದ್ದಳು. ಜೋಡಿ ಎತ್ತು ಹಾವು ಕಡಿದು ಸತ್ತಿತು. ಹಂಡ್ಯಾನ ಹೆಗಲಿಗೆ ಸರಿಹೋಗುವ ಇನ್ನೊಂದು ಸಿಗಲಿಲ್ಲ. ಅಷ್ಟರಲ್ಲಿ ಹಣಮಂತಪ್ಪನ ತಮ್ಮ ಟ್ರ್ಯಾಕ್ಟರ್ ತಂದ. ಒಂಟಿ ಎತ್ತು ಕೊಟ್ಟಿಗೆಯಲ್ಲಿ ನಿಂತು ಮೇಯುವುದನ್ನು ನೋಡಲಾರದೆ, ಕೆಲಸ ಮಾಡುವ ಜೀವ ಕೆಲಸವಿದ್ದ ಮನೆಗೆ ಹೋಗಲಿ ಎಂದು ಹಣಮಂತಪ್ಪ ಅದನ್ನು ಸಂತೆಗೆ ಹೊಡೆದುಕೊಂಡು ಹೋದ.

ದಲಾಲಿ ಬಸಯ್ಯ ಟವೆಲ್ ಹಾಸಿದ. ಕೊಂಡವನು ಸುರೇಬಾನದ ಕಾಡಪ್ಪ. ವ್ಯಾಪಾರ ಮುಗಿದ ಮೇಲೆ ಹಣಮಂತಪ್ಪ ಹಂಡ್ಯಾನ ಕೊರಳ ಹಗ್ಗ ಬಿಚ್ಚಿ ಹೆಗಲಿಗೆ ಹಾಕಿಕೊಂಡ. ಎತ್ತು ಮಾರಬೇಕು, ಹಗ್ಗ ಮಾರಬಾರದು. ಹಗ್ಗ ಹೋದರೆ ಅದರ ಹಿಂದೆ ಕೊಟ್ಟಿಗೆಯ ಲಕ್ಷ್ಮಿಯೂ ಹೋಗುತ್ತಾಳೆ. ಕೊಂಡವನೂ ಅದನ್ನು ಬಲ್ಲವನೇ, ತನ್ನ ಹೊಸ ಹಗ್ಗ ತಂದೇ ಇದ್ದ. ಹಳೆಯ ಹಗ್ಗ ದೊಡವಾಡಕ್ಕೆ ಬಂದು ಕೊಟ್ಟಿಗೆಯ ಗೂಟಕ್ಕೆ ತೂಗಿತು.

ಹೆಸರು ಮಾತ್ರ ಎತ್ತಿನ ಕಿವಿಯಲ್ಲಿ ಸುರೇಬಾನಕ್ಕೆ ಹೋಯಿತು. ಹಿಂದೆ ಪಶು ಆಸ್ಪತ್ರೆಯ ಯುವರಾಜ ಊರಿಗೆ ಬಂದು ಎಲ್ಲ ದನಗಳ ಕಿವಿಗೆ ಹಳದಿ ಬಿಲ್ಲೆ ಹೊಡೆದಿದ್ದ. ಬಿಲ್ಲೆಯ ಮೇಲೆ ಉದ್ದನೆಯ ನಂಬರು, ಆ ನಂಬರಿನ ಹಿಂದೆ ಒಡೆಯನ ಹೆಸರು, ಅಪ್ಪನ ಹೆಸರು, ಊರು, ಫೋನು, ಆಧಾರ್, ಎಲ್ಲ. ದನ ಮಾರಿದರೆ ಬಂದು ತಿಳಿಸಬೇಕು, ಕೊಂಡವನ ಹೆಸರು ಏರಿಸಿಕೊಡುತ್ತೇನೆ ಎಂದು ಅವನು ಹೇಳಿದ್ದು ಖರೆ, ಹಣಮಂತಪ್ಪ ಆಗಲಿ ಎಂದದ್ದೂ ಖರೆ. ಆದರೆ ಸಂತೆಯ ದಿನ ಆ ಮಾತು ಅವನಿಗೂ ನೆನಪಾಗಲಿಲ್ಲ, ಕಾಡಪ್ಪನೂ ಎತ್ತಲಿಲ್ಲ. ನೆನಪಾಗಿದ್ದರೂ ಹಣಮಂತಪ್ಪ ಏನು ಮಾಡುತ್ತಿದ್ದ? ಟವೆಲ್ಲಿನ ಕೆಳಗೆ ಮಾಡಿದ್ದನ್ನು ಕಚೇರಿಯ ಟೇಬಲ್ಲಿನ ಮೇಲೆ ಬಿಚ್ಚಿಡುವ ರೂಢಿ ಆ ಸೀಮೆಯ ಯಾವ ರೈತನಿಗೂ ಇಲ್ಲ.

ಸುಗ್ಗಿ ಮುಗಿದ ಮೇಲೆ ಒಂದು ದಿನ ಫೋನು ಬಂತು. ಸುರೇಬಾನದಲ್ಲಿ ಕಾಲುಬಾಯಿ ಬೇನೆಯ ಲಸಿಕೆ ಹಾಕುತ್ತಿದ್ದ ಹುಡುಗನೊಬ್ಬ, ಈ ಎತ್ತಿನ ಬಿಲ್ಲೆಗೆ ನಿಮ್ಮ ನಂಬರಿದೆ, ಈಗ ಬಂದ ಓಟಿಪಿ ಹೇಳಿದರೆ ಲಸಿಕೆ ಹಾಕಿದ್ದನ್ನು ಆ್ಯಪಿನಲ್ಲಿ ಏರಿಸುತ್ತೇನೆ ಎಂದ. ಹಣಮಂತಪ್ಪನ ಜೀವ ಅರಳಿತು. ಎತ್ತು ಬದುಕಿದೆ, ಯಾರೋ ಅದಕ್ಕೆ ಔಷಧ ಹಾಕಿಸುತ್ತಿದ್ದಾರೆ. ಭಾಗೀರಥಿ ಕನ್ನಡಕ ಹುಡುಕಿ ತಂದು ಅಂಕಿಗಳನ್ನು ಒಂದೊಂದಾಗಿ ಓದಿದಳು, ಅವನು ಒಂದೊಂದಾಗಿ ಹೇಳಿದ. ಎತ್ತು ಮೈ ತುಂಬಿಕೊಂಡಿದೆಯೋ, ಮೇಯುತ್ತದೋ ಎಂದೆಲ್ಲ ಕೇಳಿದ. ಕೊನೆಗೆ, “ನೀರ ಕುಡಸೂ ಮುಂದ ಸಿಳ್ಳ ಹಾಕಾಕ ಹೇಳಪಾ ಅವರಿಗೆ,” ಎಂದ. ಆ ಹುಡುಗ ಆಗಲಿ ಅಜ್ಜಾ ಎಂದು ಫೋನು ಇಟ್ಟ. ಗಂಡ ಹೆಂಡತಿ ಅಂದು ಮಗಳ ಮನೆಯಿಂದ ಸುದ್ದಿ ಬಂದವರಂತೆ ಸುಖವಾಗಿ ಉಂಡರು.

ಬೇಸಿಗೆಯಲ್ಲಿ ಧಾರವಾಡಕ್ಕೆ ಹೋಗುವ ಬಸ್ಸಿನಿಂದ ಇಬ್ಬರು ಇಳಿದು ಅವನ ಮನೆ ಕೇಳಿಕೊಂಡು ಬಂದರು. ಒಬ್ಬ ಮುದುಕ, ಒಬ್ಬಳು ಹರೆಯದ ಹೆಣ್ಣುಮಗಳು. ಮುದುಕ ದುರ್ಗಪ್ಪ, ತೊರಗಲ್ಲಿನವನು. ಅವಳು ಅವನ ಸೊಸೆ ಪ್ರಜ್ಞಾ, ರಾಮದುರ್ಗದ ಒಂದು ದವಾಖಾನೆಯಲ್ಲಿ ನರ್ಸು. ಭಾಗೀರಥಿ ಬರ್ರಿ ಕುಂತ್ರಿ ಎಂದಳು, ಯಾವ ಓಣಿಯವರು ಎಂದೂ ಕೇಳಿದಳು. ದುರ್ಗಪ್ಪ ಓಣಿಯ ಹೆಸರು ಹೇಳಿದ. ಆಮೇಲೆ ನೀರು ತರಲು ಒಳಗೆ ಹೋದವಳು ಬಹಳ ಹೊತ್ತಾದರೂ ಹೊರಗೆ ಬರಲಿಲ್ಲ. ಒಳಗೆ ಡಬ್ಬಿ ಸರಿಸುವ ಸಪ್ಪಳ ಕೇಳುತ್ತಿತ್ತು. ಬಂದಾಗ ಅವಳ ಕೈಯಲ್ಲಿ ಯಾವುದೋ ಲಗ್ನದಲ್ಲಿ ಉಳಿದ ಎರಡು ಪ್ಲಾಸ್ಟಿಕ್ ಗ್ಲಾಸುಗಳಿದ್ದವು. ಎತ್ತಿನ ಒಡೆಯ ಯಾರೆಂದು ತಿಳಿಯಲು ಸರಕಾರಕ್ಕೆ ಬಿಲ್ಲೆ ಬೇಕು, ಆ್ಯಪ್ ಬೇಕು. ಬಂದವರ ಕುಲ ತಿಳಿಯಲು ದೊಡವಾಡಕ್ಕೆ ಓಣಿಯ ಹೆಸರೊಂದು ಸಾಕು. ಆ ದಾಖಲೆ ಎಲ್ಲರಿಗೂ ಸದಾ ತೆರೆದೇ ಇರುತ್ತದೆ. ದುರ್ಗಪ್ಪ ನೀರು ಕುಡಿದ. ಪ್ರಜ್ಞಾ ತನ್ನ ಗ್ಲಾಸನ್ನು ಕಟ್ಟೆಯ ಮೇಲಿಟ್ಟಳು.

ಅವಳು ಫೋನಿನಲ್ಲಿ ಒಂದು ಚಿತ್ರ ತೆಗೆದು ಹಣಮಂತಪ್ಪನ ಮುಂದೆ ಹಿಡಿದು, “ಈ ಎತ್ತ ನಿಮ್ಮದೇನ್ರಿ ಯಜಮಾನ್ರ?” ಎಂದು ಕೇಳಿದಳು.

“ಹೌದ್ರಿ, ನಮ್ಮ ಹಂಡ್ಯಾ,” ಎಂದ ಹಣಮಂತಪ್ಪ. ಮುಖದ ತುಂಬ ನಗು. “ಎಲ್ಲಿ ನೋಡಿದ್ರಿ ಯವ್ವಾ?”

ಯಾಕೆ ಎಂದು ತಿಳಿಯುವುದಕ್ಕೆ ಮೊದಲೇ ಒಪ್ಪಿಕೊಂಡು ಕೂತ. ಅವಳು ಹೇಳಿದಳು, ದನಿ ಏರಿಸದೆ, ಮತ್ತೊಬ್ಬರ ಸುದ್ದಿ ಹೇಳುವಂತೆ. ಅವಳ ಗಂಡ ಸಾಗರ ಬಾವಿಯ ಮೋಟಾರು ರಿಪೇರಿ ಮಾಡುತ್ತಿದ್ದ. ಸವದತ್ತಿಯ ಕಡೆ ಕೆಲಸ ಮುಗಿಸಿ ಸಂಜೆ ಮಬ್ಬಿನಲ್ಲಿ ಬೈಕಿನ ಮೇಲೆ ಬರುತ್ತಿದ್ದ. ತೊರಗಲ್ಲಿನ ಕೋಟೆ ಕೆಳಗಿನ ತಿರುವಿನಲ್ಲಿ ರಸ್ತೆ ನಡುವೆ ಈ ಎತ್ತು ನಿಂತಿತ್ತು. ಬೈಕು ಬಡಿದು ಎತ್ತಿನ ಕಾಲು ಮುರಿಯಿತು. ಸಾಗರನ ಜೀವ ಅಲ್ಲೇ ಹೋಯಿತು. ಬೀದಿಯಲ್ಲಿ ಬಿಟ್ಟ ದನ, ಒಡೆಯ ಯಾರೋ ಏನೋ ಎಂದರು ಪೊಲೀಸರು. ಗಂಡನ ಮಣ್ಣು ಮುಗಿದ ಮೇಲೆ ಅವಳೇ ಪಂಚಾಯತಿಯ ಕೊಂಡವಾಡಕ್ಕೆ, ಬಿಡಾಡಿ ದನ ಕೂಡಿಹಾಕುವ ದೊಡ್ಡಿಗೆ, ಹೋಗಿ, ಅಲ್ಲಿ ಹಾಕಿದ್ದ ಎತ್ತಿನ ಕಿವಿಯ ನಂಬರು ನೋಡಿಕೊಂಡು, ಪರಿಚಯದ ಲಸಿಕೆಯವರನ್ನು ಕೇಳಿದಳು. ನಿಂತ ಕಾಲ ಮೇಲೆ ಎಲ್ಲ ಸಿಕ್ಕಿತು: ಹೆಸರು, ಊರು, ಫೋನು. ಅದನ್ನೇ ಒಯ್ದು ಠಾಣೆಗೆ ಕೊಟ್ಟಳು. ಆದರೂ ಮುಖ ನೋಡಬೇಕು ಎನಿಸಿ ಬಂದಿದ್ದಳು.

ಹಣಮಂತಪ್ಪ ಕೂತಲ್ಲಿಂದ ಎದ್ದ. ಎತ್ತು ಮಾರಿದ್ದೇನೆ ಎಂದ, ಬಸವಣ್ಣನ ಆಣೆ ಮಾಡಿದ. ಯಾರಿಗೆ ಎಂದರೆ ಸುರೇಬಾನದ ಕಾಡಪ್ಪನಿಗೆ. ಚೀಟಿ? ಇಲ್ಲ. ಸಾಕ್ಷಿ? ಟವೆಲ್. ಪ್ರಜ್ಞಾ ಅವನ ಭುಜದ ಆಚೆ ಕೊಟ್ಟಿಗೆಯ ಕಡೆ ನೋಡಿದಳು. ಗೂಟಕ್ಕೆ ಹಗ್ಗ ತೂಗುತ್ತಿತ್ತು, ಅದರಲ್ಲಿ ಇನ್ನೂ ಕಪ್ಪು ಬಿಳಿ ಕೂದಲು ಸಿಕ್ಕಿಕೊಂಡಿದ್ದವು.

“ಮಾರಿದ್ರ ಅದರ ಹಗ್ಗ ಇಲ್ಲ್ಯಾಕ ಐತ್ರಿ?”

ಅವಳಿಗೆ ಆ ರೂಢಿ ಗೊತ್ತಿರಲಿಲ್ಲ. ಅವಳ ಮನೆತನ ಎತ್ತು ಕಟ್ಟಿದ ಮನೆತನವಲ್ಲ. ದುರ್ಗಪ್ಪನಿಗೆ ಗೊತ್ತಿತ್ತು, ಹುಡುಗನಿದ್ದಾಗ ಊರ ಗೌಡರ ಎತ್ತು ಕಾಯ್ದವನು, ಸಂತೆಯಿಂದ ಇಂಥ ಹಗ್ಗಗಳನ್ನು ಹೊತ್ತು ತಂದವನು. ಹಣಮಂತಪ್ಪ ಅವನ ಕಡೆ ನೋಡಿದ, ನೀವಾದರೂ ಹೇಳಿ ಎನ್ನುವಂತೆ. ದುರ್ಗಪ್ಪ ಕೈಯಲ್ಲಿದ್ದ ಖಾಲಿ ಪ್ಲಾಸ್ಟಿಕ್ ಗ್ಲಾಸನ್ನು ಮಡಚಿ ಎದ್ದ.

ಅಲ್ಲಿಂದ ಹಣಮಂತಪ್ಪನ ಓಡಾಟ ಶುರುವಾಯಿತು. ಮೊದಲು ಬಸಯ್ಯನ ಹತ್ತಿರ ಹೋದ. ಬಸಯ್ಯ ಚಹಾ ಕುಡಿಸಿದ, ಬಹಳ ಕೆಟ್ಟದ್ದಾಯಿತು ಎಂದ, ಅಡ್ಡಗೋಡೆಯ ಮೇಲೆ ದೀಪ ಇಟ್ಟಂತೆ ಏನೇನೋ ಮಾತಾಡಿದ. ಸಾಕ್ಷಿ ಹೇಳಬೇಕು ಎಂದಾಗ ಮಾತ್ರ ನೇರವಾದ. “ಹಣಮಂತಪ್ಪ, ಟವೆಲ್ ಎತ್ತಿ ತೋರಿಸಿದ ದಲಾಲಿಗೆ ಮುಂದಿನ ಸಂತ್ಯಾಗ ಯಾರೂ ಕೈ ಕೊಡೂದಿಲ್ಲ. ನನ್ನ ಹೊಟ್ಟಿ ಮ್ಯಾಲ ಹೊಡೀಬ್ಯಾಡ,” ಎಂದ. ಇದೇ ಬಾಯಿ ಇಪ್ಪತ್ತು ವರ್ಷ ಅವನನ್ನು ಅಣ್ಣ ಎಂದು ಕರೆದಿತ್ತು.

ಸುರೇಬಾನದಲ್ಲಿ ಕಾಡಪ್ಪ ಸಿಕ್ಕ. ಸಿಕ್ಕಿದ್ದಷ್ಟೇ ಅಲ್ಲ, ಕಟ್ಟೆಯ ಮೇಲೆ ಕೂರಿಸಿ ಅವಲಕ್ಕಿ ಕೊಟ್ಟ. ಸಂತೆಯಲ್ಲಿ ಟವೆಲ್ಲಿನ ಕೆಳಗೆ ಹಿಡಿದ ಕೈಯೇ ಅವಲಕ್ಕಿಯ ತಾಟು ನೀಡಿತು, ಹೆಬ್ಬೆರಳಿನ ಆ ಒರಟು ಗಂಟು ಹಣಮಂತಪ್ಪನಿಗೆ ಚೆನ್ನಾಗಿ ನೆನಪಿತ್ತು. ಅಂಗಳದ ಮೂಲೆಯಲ್ಲಿ ಎತ್ತಿಗೆ ಮೇವು ಹಾಕುವ ಗೋದಲಿ ಖಾಲಿ ಬಿದ್ದಿತ್ತು. ಕುಂಟು ಹಿಡಿದ ಎತ್ತನ್ನು ಮೇಯಿಸುವುದು ಬೇಡವಾಗಿ ರಾತ್ರೋರಾತ್ರಿ ಊರ ಹೊರಗೆ ಅಟ್ಟಿಬಿಟ್ಟರು ಎಂದು ಪಕ್ಕದ ಚಹಾದ ಅಂಗಡಿಯವನು ಆಗಲೇ ಹೇಳಿದ್ದ, ಹೇಳಿದ ಮೇಲೆ ತನ್ನ ಹೆಸರು ಎತ್ತಬೇಡಿ ಎಂದೂ ಹೇಳಿದ್ದ. ಕಾಡಪ್ಪನ ಮುಖದಲ್ಲಿ ಒಂದು ಗೆರೆಯೂ ಅಲುಗಲಿಲ್ಲ.

“ನಿಮ್ಮ ಹೆಸರಿಲೆ ಇರೂ ಎತ್ತ ನಮ್ಮ ಮನ್ಯಾಗ ಯಾಕ ಇದ್ದೀತ್ರಿ ಕಾಕಾ?” ಎಂದ. “ಸರಕಾರದ್ದು ನೋಡ್ರಿ, ಯಾರದ ಅಂತೈತಿ ಅವರದs.”

ವಾಪಸು ಬರುವ ಬಸ್ಸಿನಲ್ಲಿ ಹಣಮಂತಪ್ಪನಿಗೆ ಲಸಿಕೆಯ ಫೋನು ನೆನಪಾಯಿತು. ಅಲ್ಲವೇ, ಎತ್ತು ಸುರೇಬಾನದಲ್ಲಿ ಇತ್ತು ಎನ್ನುವುದಕ್ಕೆ ಸರಕಾರವೇ ಸಾಕ್ಷಿ! ಮುಳುಗುವವನಿಗೆ ಹುಲ್ಲುಕಡ್ಡಿ ಸಿಕ್ಕಂತಾಗಿ ನೇರ ಯುವರಾಜನ ಹತ್ತಿರ ಹೋದ. ಯುವರಾಜ ಮೊದಲು ಕೊಸರಾಡಿದ, ಇದು ಇಲಾಖೆಯ ಒಳಗಿನ ಮಾಹಿತಿ, ಹೊರಗಿನವರಿಗೆ ಕೊಡಲು ಬರುವುದಿಲ್ಲ, ಮಾಹಿತಿ ಹಕ್ಕಿನಲ್ಲಿ ಅರ್ಜಿ ಹಾಕಿ ಎಂದ. ಹಣಮಂತಪ್ಪನಿಗೆ ರೇಗಿತು. ತನ್ನ ಹೆಸರು, ಅಪ್ಪನ ಹೆಸರು, ಫೋನು ದಾರಿಯಲ್ಲಿ ಹೋಗುವವರಿಗೆಲ್ಲ ಸಿಗುತ್ತದೆ; ತನ್ನನ್ನು ಉಳಿಸುವ ಒಂದು ಸಾಲು ಮಾತ್ರ ತನಗೇ ಸಿಗುವುದಿಲ್ಲವೇ? ಅವನ ಮುಖ ನೋಡಿ ಯುವರಾಜ ಬಾಗಿಲು ಮುಂದೆ ಮಾಡಿ ಫೋನು ತೆಗೆದ. ತೆಗೆದು ಓದುತ್ತ ಓದುತ್ತ ಅವನ ದನಿ ಇಳಿಯಿತು. ಲಸಿಕೆ ಸುರೇಬಾನದಲ್ಲಿ ಆದದ್ದು ಇತ್ತು. ಒಡೆಯರ ಕಾಲಂನಲ್ಲಿ ಹಣಮಂತಪ್ಪ ಎಂದೇ ಇತ್ತು. ಒಡೆಯರ ಫೋನಿನಿಂದ ಓಟಿಪಿ ಪಡೆದು ಖಾತ್ರಿ ಮಾಡಲಾಗಿದೆ ಎಂದೂ ಇತ್ತು.

“ಮಾರಿ ತಿಂಗಳುಗಟ್ಟಲೆ ಆದ ಮ್ಯಾಲೂ ನೀವs ಓಟಿಪಿ ಕೊಟ್ಟೀರಿ ಕಾಕಾ. ಇದನ್ನ ಠಾಣ್ಯಾಗ ತೋರಿಸಿದ್ರ ಅದು ನಿಮ್ಮ ಕಡಿಗಲ್ಲ, ನಿಮ್ಮ ಮ್ಯಾಲs ಬರ್ತೈತಿ,” ಎಂದ ಯುವರಾಜ. ಅವನ ದನಿಯಲ್ಲಿ ಮರುಕವಿತ್ತು. ಮರುಕ ಪ್ರಿಂಟ್ ಆಗುವುದಿಲ್ಲ.

ಪೊಲೀಸರು ಕೊನೆಗೆ ಒಂದು ದಾರಿ ತೆಗೆದರು. ಹಣಮಂತಪ್ಪ ಎತ್ತು ಈಗ ತನ್ನದಲ್ಲ ಎನ್ನುತ್ತಾನೆ, ದಾಖಲೆ ಅವನದೇ ಎನ್ನುತ್ತದೆ. ಕೊಂಡವಾಡದಲ್ಲಿ ಪಂಚರ ಎದುರು ಅವನನ್ನು ಎತ್ತಿನ ಹತ್ತಿರ ನಿಲ್ಲಿಸಿ, ಅದು ಅವನನ್ನು ಒಡೆಯನೆಂದು ಗುರುತು ಹಿಡಿಯುತ್ತದೋ ಇಲ್ಲವೋ ನೋಡಿ ಪಂಚನಾಮೆ ಬರೆಯುವುದು. ಹಿಂದಿನ ದಿನ ಹವಾಲ್ದಾರ ಫೋನು ಮಾಡಿ ಬಹಳ ಸಲಿಗೆಯಿಂದ ಮಾತಾಡಿದ. ತಾನೂ ರೈತನ ಮಗ, ಹಗ್ಗದ ರೂಢಿ ತನ್ನ ಮನೆಯಲ್ಲೂ ಇದೆ, ಆದರೆ ಅದನ್ನು ಬರೆಯಲು ಕಾಲಂ ಇಲ್ಲ ಎಂದ. ಎತ್ತು ಗುರುತು ಹಿಡಿಯದಿದ್ದರೆ ಹಿಡಿಯಲಿಲ್ಲ ಎಂದು ಬರೆಯುತ್ತೇನೆ, ಮುಂದೆ ವಕೀಲರಿಗೆ ಅಷ್ಟು ಸಾಕಾಗುತ್ತದೆ ಎಂದ. ಭಾಗೀರಥಿ ಅದನ್ನು ಕೇಳಿ ಗಂಡನಿಗೆ ಮತ್ತೆ ಮತ್ತೆ ಹೇಳಿದಳು: ಎತ್ತು ಮುಖ ಮರೆತೀತು, ದನಿ ಮರೆಯುವುದಿಲ್ಲ, ಅದಕ್ಕೇ ಬಾಯಿ ಮಾತ್ರ ಬಿಡಬೇಡಿ. ಬಾಯಿ ಬಿಡದಿದ್ದರೆ ಉಳಿದುಕೊಳ್ಳುತ್ತಾನೆ, ಬಿಟ್ಟರೆ ಒಂದು ಜೀವ ತೆಗೆದ ಎತ್ತಿನ ಒಡೆಯನಾಗುತ್ತಾನೆ. ಇಷ್ಟು ಸರಳ ಲೆಕ್ಕ ಅದು. ಹಗ್ಗವನ್ನು ಅವಳೇ ಗೂಟದಿಂದ ಇಳಿಸಿ ಕಣ್ಣಿಗೆ ಬೀಳದಂತೆ ಕಟ್ಟಿಗೆಯ ಹಿಂದೆ ತುರುಕಿದಳು.

ತೊರಗಲ್ಲಿನ ಕೊಂಡವಾಡ ಅಂದರೆ ನಾಲ್ಕು ಗೋಡೆ, ಒಂದು ಬೇವಿನ ಗಿಡ, ಬಾಗಿಲ ಹತ್ತಿರ ಒಂದು ನೀರಿನ ನಳ. ಗಿಡದ ಕೆಳಗೆ ಹಂಡ್ಯಾ ಮಲಗಿತ್ತು. ಮುಂಗಾಲಿಗೆ ಬಿದಿರಿನ ದಬ್ಬೆ ಇಟ್ಟು ಬಿಗಿದ ಪಟ್ಟಿ ಮಣ್ಣಿನ ಬಣ್ಣಕ್ಕೆ ತಿರುಗಿತ್ತು. ಎಲುಬು ಎದ್ದು ಮಚ್ಚೆಗಳು ಜೋತುಬಿದ್ದಿದ್ದವು. ಹಳದಿ ಬಿಲ್ಲೆಯೊಂದೇ ಹೊಸದರಂತೆ ಹೊಳೆಯುತ್ತಿತ್ತು. ಗೋಡೆಗೆ ಆತು ಪ್ರಜ್ಞಾ ನಿಂತಿದ್ದಳು, ನಳದ ಹತ್ತಿರ ದುರ್ಗಪ್ಪ. ಹವಾಲ್ದಾರನೂ ಪಂಚರಿಬ್ಬರೂ ನೆರಳಿನಲ್ಲಿ ನಿಂತರು. ಹಣಮಂತಪ್ಪ ಎತ್ತಿನ ಬೆನ್ನ ಹಿಂದೆ ಬಂದು ನಿಂತ. ಎತ್ತು ತಿರುಗಲಿಲ್ಲ. ಹೇಳಿದಂತೆ ಎದುರಿಗೆ ಬಂದ. ಅದರ ಕಣ್ಣುಗಳಲ್ಲಿ ನೊಣ ಕೂತಿದ್ದವು. ಅದು ಅವನನ್ನು ನೋಡಿತೋ, ಅವನ ಆಚೆಯ ಗೋಡೆಯನ್ನು ನೋಡಿತೋ ತಿಳಿಯಲಿಲ್ಲ. ಹವಾಲ್ದಾರ ಬರೆಯತೊಡಗಿದ.

ಎತ್ತಿನ ಮೂತಿಯ ಹತ್ತಿರ ಬಕೀಟಿನಲ್ಲಿ ನೀರಿತ್ತು, ತುಂಬಿದಂತೆಯೇ ಇತ್ತು. ಕೊಂಡವಾಡ ಕಾಯುವವನು ಹೇಳಿದ, ತಂದಾಗಿನಿಂದ ಇದರದು ಇದೇ ಹಾಡು, ಮೂಗಿನ ತುದಿ ಅದ್ದಿ ಬಿಟ್ಟುಬಿಡುತ್ತದೆ, ಕುಡಿಯುವುದಿಲ್ಲ, ಬಾಯಿಗೆ ಕೊಳವೆ ಹಾಕಿ ಡಾಕ್ಟರು ಒಂದಿಷ್ಟು ಇಳಿಸಿ ಹೋಗುತ್ತಾರೆ. ಪಂಚರಲ್ಲೊಬ್ಬ, ಇನ್ನೆಷ್ಟು ದಿನ ಬಿಡು ಎಂದ.

ಹಣಮಂತಪ್ಪ ನೆಲ ನೋಡುತ್ತ ನಿಂತ. ಇನ್ನೆರಡು ಸಾಲು, ಆಮೇಲೆ ಸಹಿ, ಆಮೇಲೆ ಬಸ್ಸು. ಎತ್ತು ನಾಲಿಗೆ ಹೊರಚಾಚಿತು. ನಾಲಿಗೆ ಒಣಗಿ ಬಿರಿದಿತ್ತು. ನೀರು ಮುಂದಿದೆ, ನೀರಡಿಕೆಯಿದೆ, ಆದರೂ ಅದು ಕಿವಿ ಮುಂದೆ ಮಾಡಿ ಕಾಯುತ್ತಿತ್ತು. ಏನನ್ನು ಕಾಯುತ್ತಿದೆ ಎಂದು ಆ ಕೊಂಡವಾಡದಲ್ಲಿ ಒಬ್ಬನಿಗೆ ಮಾತ್ರ ಗೊತ್ತಿತ್ತು. ಅವನು ಹಲ್ಲು ಕಚ್ಚಿ ಹಿಡಿದ, ಭಾಗೀರಥಿಯನ್ನು ನೆನೆದ, ಕೋರ್ಟು ನೆನೆದ. ಹವಾಲ್ದಾರ, “ಗುರುತ ಹಿಡೀಲಿಲ್ಲ ಅಂತ ಬರೀತೇನಿ ಹಂಗಾರ,” ಎಂದ.

ಸಿಳ್ಳು ತಾನಾಗಿ ಬಂತು. ಮೊದಲು ಸಣ್ಣಗೆ ಎಳೆದು, ಕೊನೆಗೆ ಮೇಲಕ್ಕೆ ಹಾರಿತು.

ಹಂಡ್ಯಾನ ಮೈಯೆಲ್ಲ ಅದುರಿತು. ಹಿಂಗಾಲು ಊರಿ, ಮುರಿದ ಕಾಲನ್ನು ಎತ್ತಿಹಿಡಿದು, ಬಿದ್ದು, ಮತ್ತೆ ಊರಿ, ಮೂರು ಕಾಲಿನ ಮೇಲೆ ಎದ್ದು ನಿಂತಿತು. ಹಣಮಂತಪ್ಪ ಓಡಿ ಬಕೀಟು ಎತ್ತಿ ಹಿಡಿದ. ಅವನು ಸಿಳ್ಳು ಹಾಕುತ್ತಲೇ ಇದ್ದ, ಅದು ಕುಡಿಯುತ್ತಲೇ ಇತ್ತು, ಅವನ ಕಣ್ಣಿನ ನೀರು ಬಕೀಟಿಗೆ ಬೀಳುತ್ತಿತ್ತು. ಹವಾಲ್ದಾರ ಬರೆದ ಸಾಲನ್ನು ಹೊಡೆದುಹಾಕಿದ. ಮುಂದೆ ಮಾಡಿದ ಕಾಗದದ ಮೇಲೆ ಒಡೆಯ ಎಂದಿದ್ದಲ್ಲಿ ಹಣಮಂತಪ್ಪ ಸಹಿ ಮಾಡಿದ.

ಆಗ ಪ್ರಜ್ಞಾ ಹತ್ತಿರ ಬಂದಳು. ಸಿಟ್ಟು ಮಾಡುವಳು ಎಂದುಕೊಂಡಿದ್ದ. ಅವಳು ಎತ್ತಿನ ಕಡೆ ನೋಡುತ್ತ ಹೇಳಿದಳು.

“ನಮ್ಮ ಮಾವಾರಿಗೆ ನೀರ ಕೊಡೂ ಮುಂದ ನಿಮ್ಮ ಮನ್ಯಾಗ ಗ್ಲಾಸ ಹುಡುಕಿದ್ರಿ. ಇದಕ್ಕ ಜೀವಾನs ಕೊಟ್ರಿ. ಮಾರೀನಿ ಅಂದದ್ದು ಖರೆ ಇದ್ದೀತು ಯಜಮಾನ್ರ, ನಂಬಬೇಕು ಅನಸ್ತೈತಿ. ನಂಬಾಕ ಆಗವಲ್ದು.”

ಇದಕ್ಕೆ ಬಸವಣ್ಣನ ಆಣೆಯೂ ಕೆಲಸಕ್ಕೆ ಬರುವುದಿಲ್ಲ ಎಂದು ಹಣಮಂತಪ್ಪನಿಗೆ ಗೊತ್ತಿತ್ತು. ಬಕೀಟು ಖಾಲಿಯಾಗಿತ್ತು, ಹಂಡ್ಯಾ ಇನ್ನೂ ಬೇಕೆಂದು ಅದರ ತಳ ನೆಕ್ಕುತ್ತಿತ್ತು. ಅವನು ಬಕೀಟು ಹಿಡಿದು ನಳದ ಕಡೆ ನಡೆದ. ಅವನು ಬರುವುದನ್ನು ಕಂಡು ದುರ್ಗಪ್ಪ, ಮಗನನ್ನು ಕಳೆದುಕೊಂಡ ದುರ್ಗಪ್ಪ, ಹುಟ್ಟಿದಾಗಿನಿಂದ ಬಂದ ರೂಢಿಯಂತೆ ನಳ ಬಿಟ್ಟು ನಾಲ್ಕು ಹೆಜ್ಜೆ ಆಚೆ ಸರಿದ.

“ನಿಂದರ್ರಿ, ಸರೀಬ್ಯಾಡ್ರಿ,” ಎಂದ ಹಣಮಂತಪ್ಪ.

ಅಷ್ಟರಲ್ಲಿ ದುರ್ಗಪ್ಪ ಸರಿದಾಗಿತ್ತು.